ಬೆಳವಣಿಗೆಯ ಪುಟ

ಕಲ್ಗೂರ್ಲಿ
ಆಗಸ್ಟ್ ೧೧

ಮುದ್ದಿನ ಕ್ಯಾಲಮ್,

ನಿನಗೂ, ನಿನಗಿಂತ ಮೊದಲು ಈ ಕಾಗದ ಒಡೆದು ಓದುವ ಜೈಲಿನ ಸಾಹೇಬರಿಗೂ ನಮಸ್ಕಾರ. ಎರಡು ತಿಂಗಳಿಂದ ಬರೆದಿಲ್ಲ, ತಪ್ಪು ನನ್ನದೇ. ಬರೆಯುತ್ತಲೇ ಇದ್ದೆ ಕಣೋ, ಆದರೆ ನಿನಗಲ್ಲ. ನಿನ್ನ ಮುಖ ನೋಡಿ ಒಂದೂವರೆ ವರ್ಷವಾಯಿತಲ್ಲ, ಅಷ್ಟರಲ್ಲಿ ನಿನ್ನಮ್ಮ ಕಂಪನಿ ಕಟ್ಟಲು ಹೊರಟಿದ್ದಾಳೆ. ನಗಬೇಡ.

ವಾರಕ್ಕೊಂದು ಬಸ್ಸು. ಕೈದಿಗಳ ಮನೆಯವರನ್ನು ಇಲ್ಲಿಂದ ನಿಮ್ಮ ಜೈಲಿನ ಬಾಗಿಲಿಗೆ ಮುಟ್ಟಿಸಿ, ಭೇಟಿ ಮುಗಿದ ಮೇಲೆ ಕರೆತರುವುದು. ಹತ್ತೊಂಬತ್ತು ವರ್ಷ ಗಣಿಯ ಬಸ್ ಓಡಿಸಿದವಳಿಗೆ ಏಳು ತಾಸಿನ ದಾರಿ ಯಾವ ಲೆಕ್ಕ? ಪಕ್ಕದ ಮನೆಯ ಡೊರೀನ್ ಅಲ್ಲಿರುವ ತನ್ನ ಗಂಡನನ್ನು ನೋಡಲು ಹಸಿರು ಅಂಗಿ ಹಾಕಿಕೊಂಡು ಹೋಗಿದ್ದಳು. ಅದು ಕೈದಿಗಳ ಬಣ್ಣ ಅಂತ ಬಾಗಿಲಿನಿಂದಲೇ ಅಟ್ಟಿದರು. ಅದಕ್ಕೇ ಬಸ್ಸಿನಲ್ಲಿ ಎಲ್ಲ ಅಳತೆಯ ಬಿಳಿ ಅಂಗಿಗಳ ಪೆಟ್ಟಿಗೆ ಇಡುವುದಾಗಿ ಕಂಪನಿಯ ಯೋಜನಾ ವರದಿಯಲ್ಲಿ ಬರೆದೆ.

ಸರ್ಕಾರದ ಅನುದಾನ ಸಮಿತಿಗೆ ಕೊಡುವ ಮುಂಚೆ ಬ್ರೆಂಟನ್ ಅನ್ನುವ ಸಲಹೆಗಾರ ಅದನ್ನು ಓದಿದ.

"ನೊರೀನ್, ಪೆಟ್ಟಿಗೆ ಗಿಟ್ಟಿಗೆ ಬಿಡಿ. ಐದು ವರ್ಷದ ಬೆಳವಣಿಗೆ ಅನ್ನೋ ಪುಟಾನೇ ಖಾಲಿ ಇದೆಯಲ್ರೀ! ಜೈಲು ನಡೆಸೋ ಕಂಪನಿ ಎರಡು ಹೊಸ ಬ್ಲಾಕ್ ಕಟ್ತಿದೆ. ಗಿರಾಕಿಗಳು ದುಪ್ಪಟ್ಟಾಗ್ತಾರೆ ಅಂತ ಹಾಕಿ."

"ಯಾರಪ್ಪಾ ಆ ಗಿರಾಕಿಗಳು? ಈಗ ಸ್ಕೂಲಿಗೆ ಹೋಗ್ತಿರೋ ಮಕ್ಕಳ ಅಮ್ಮಂದಿರಾ? ಆ ಮಕ್ಕಳು ಒಳಗೆ ಹೋಗ್ಲಿ ಅಂತ ನಾನು ಹರಕೆ ಹೊತ್ಕೋಬೇಕಾ?"

"ಅಯ್ಯೋ, ಅದು ಬರೀ ಅಂಕಿ ಕಣ್ರೀ."

"ನಿಮ್ಮ ಮನೆಯವರ್ಯಾರೂ ಒಳಗಿಲ್ಲ, ಅದಕ್ಕೇ ನಿಮಗೆ ಅಂಕಿ," ಅಂದೆ. ಅವನ ಮುಖ ಕೆಂಪಾಯಿತು.

ಮನೆಗೆ ಬಂದು ಆ ಪುಟದಲ್ಲಿ ನಾನೇ ಬರೆದೆ: "ವರ್ಷದಿಂದ ವರ್ಷಕ್ಕೆ ನಮ್ಮ ಪ್ರಯಾಣಿಕರು ಕಡಿಮೆಯಾಗಬೇಕು. ಯಾರೂ ಬರದ ದಿನ ಬಸ್ಸು ಮಾರಿ ಕಂಪನಿ ಮುಚ್ಚುತ್ತೇವೆ." ಸಮಿತಿಯವರು ಆ ಪುಟ ಬದಲಿಸಿ ತಂದರೆ ನೋಡೋಣ ಅಂದರು. "ಒಂದು ಸುಳ್ಳು ಬರೆದ್ರೆ ನಿನ್ನ ಗಂಟೇನು ಹೋಗುತ್ತೆ ಮಾರಾಯ್ತಿ?" ಅಂತ ಡೊರೀನ್ ಬೈದಳು. ಒಂದಕ್ಷರ ತಿದ್ದಲಿಲ್ಲ. ಅನುದಾನ ಅವರೇ ಇಟ್ಟುಕೊಳ್ಳಲಿ!

ಫುಟ್ಬಾಲ್ ಕ್ಲಬ್ಬಿನ ಹಳೇ ಬಸ್ಸನ್ನು ಕಾಡಿ ಬೇಡಿ ತಂದಿದ್ದೇನೆ. ಏಸಿ ಕೆಟ್ಟಿದೆ, ಕಿಟಕಿ ತೆಗೆದರಾಯಿತು. ಬರುವ ಶನಿವಾರದ ಭೇಟಿಗೆ ಒಂಬತ್ತು ಜನ ಹೊರಟಿದ್ದಾರೆ.

ಊಟ ಬಿಡಬೇಡ, ಯಾರ ಜಗಳಕ್ಕೂ ಹೋಗಬೇಡ. ನೂರು ವರ್ಷ ಬಾಳು ಮಗನೇ, ಆದರೆ ಹೊರಗೆ ಬಂದು ಬಾಳು.

ನಿನ್ನ ಅಮ್ಮ,
ನೊರೀನ್

ಇಷ್ಟು ಬರೆದರೂ ಬರೆಯದೆ ಉಳಿದದ್ದನ್ನೂ ಬರೆದುಬಿಡುತ್ತೇನೆ: ಭೇಟಿಯ ಪಟ್ಟಿಯಿಂದ ನನ್ನ ಹೆಸರು ನೀನೇ ಹೊಡೆದುಹಾಕಿಸಿದ್ದು ನನಗೆ ಗೊತ್ತು. ಹೌದು, ಅವತ್ತು ಪೊಲೀಸರನ್ನು ಕರೆದವಳು ನಾನೇ. ನಿನ್ನ ಕೈಯಲ್ಲಿ ಪೆಟ್ಟು ತಿಂದ ಆ ಮುದುಕನ ಜೀವ ಉಳಿಸಬೇಕಿತ್ತು. ಅದಕ್ಕೆ ಕ್ಷಮೆ ಕೇಳುವುದಿಲ್ಲ, ಮತ್ತೆ ಹಾಗಾದರೂ ಕರೆಯುತ್ತೇನೆ. ಹಾಗಂತ ನಿನ್ನನ್ನು ನೋಡದೆ ಇರಲಾರೆ ಕಂದಾ. ಒಂಬತ್ತು ಜನ ಒಳಗೆ ಹೋದಾಗ ನಾನು ಬಸ್ಸಿನಲ್ಲೇ ಕೂತಿರುತ್ತೇನೆ, ವಾರವಾರವೂ. ಹೆಸರು ಸೇರಿಸುವುದು, ಬಿಡುವುದು ನಿನ್ನಿಷ್ಟ.