ಲಿಬೋರಿಯೋಗೆ ಮೆಲ್ಲಗೆ ಬಾರಿಸಿದ್ದು

ಮತಾನ್ಸಾಸ್, ಫೆಬ್ರವರಿ 3, ಶನಿವಾರ

ಬೆಳಿಗ್ಗೆ ಎದ್ದವನೇ ಕಿಂತೋವನ್ನು ಬಿಸಿಲಿಗಿಟ್ಟೆ. ಸಣ್ಣ ಡೋಲು, ತೇವ ತಾಗಿದರೆ ಸದ್ದೇ ಸತ್ತುಹೋಗುತ್ತದೆ. ಕರೆಂಟಿಲ್ಲ. ಇದ್ದಿಲ ಮೇಲೆ ಕಾಫಿ, ಒಬ್ಬನಿಗೆ. ಸಂಜೆ ಕೇರಿಯ ಅಂಗಳದಲ್ಲಿ ರುಂಬಾ, ಡೋಲಿನ ಕುಣಿತ. ಲಿಬೋರಿಯೋ ಬರುತ್ತಾನಂತೆ... ಲಕ್ವ ಹೊಡೆದ ಮೇಲೆ ಮೊದಲ ಸಲ. ಅವನ ಕಾಲು ಎಡವಲಿ ಎಂದು ನಾನು ಹೊಡೆಯಬೇಕು, ಎಡವದೆ ಅವನು ಕುಣಿಯಬೇಕು. ಹರೆಯದಿಂದ ಇದೇ ಜಗಳ. ಬೇರೆ ಯಾರ ಹತ್ತಿರ ನನಗೆ ಮಾತಿದೆ?

ಅದೇ ದಿನ, ಸಂಜೆ

ಬಂದ. ಹೆಂಡತಿ ಎಮೆಲಿನಾಳ ಹೆಗಲು ಹಿಡಿದು. ಬಾಗಿ ಡೋಲು ಮುಟ್ಟಿ ಆ ಕೈಯನ್ನು ಎದೆಗೊತ್ತಿಕೊಂಡ. ಎಡಗಾಲು ಎಳೆಯುತ್ತಿತ್ತು.

"ಏನ್ ನೋಡ್ತೀಯೋ ಫಿಲೋ? ಹೊಡಿ!"

ಬಿದ್ದುಬಿಟ್ಟರೆ? ಮೆಲ್ಲಗೆ ಬಾರಿಸಿದೆ. ಅವನ ಕಾಲು ಬರುವ ತನಕ ಕಾದೆ. ಜನ ಚಪ್ಪಾಳೆ ತಟ್ಟಿದರು. ಅವನು ನಿಂತುಬಿಟ್ಟ.

"ಯಾರಿಗೋ ಬಾರಿಸ್ತಿದ್ದೀಯ? ತೊಟ್ಟಿಲ ಕೂಸಿಗಾ?"

"ಬಿದ್ರೆ ಎತ್ತೋರು ಯಾರೋ ಮುದುಕ?"

"ಬಿದ್ರೆ ಬಿದ್ದೆ. ನನ್ನ ಸೋಲ್ಸೋಕೆ ಹೊಡೀತಿದ್ದ ನನ್ಮಗ ನೀನು. ಇವತ್ತು ಬಿಟ್ಟುಕೊಟ್ಟೆ. ಥೂ!"

ಹೋದ.

ಫೆಬ್ರವರಿ 4

ನನ್ನದೇನು ತಪ್ಪು? ಹಾಳಾಗಿ ಹೋಗಲಿ.

ಫೆಬ್ರವರಿ 13

ತಡೆಯಲಾಗಲಿಲ್ಲ. ಹೋದೆ. ಎಮೆಲಿನಾ ಬಾಗಿಲ ಸಂದಿಯಲ್ಲೇ ನಿಂತಳು.

"ಮಲಗಿದಾನೆ."

"ಮಟಮಟ ಮಧ್ಯಾಹ್ನನಾ?"

"ಗೋಡೆ ಕಡೆ ಮುಖ ಮಾಡ್ಕೊಂಡು. ಅನ್ನ-ಕಾಳು ಮುಟ್ತಿಲ್ಲ. ಲಕ್ವ ತಡ್ಕೊಂಡ ಕಣೋ. ನಿನ್ನ ಅಯ್ಯೋ ಪಾಪ ತಡ್ಕೊಳ್ಳೋಕಾಗ್ಲಿಲ್ಲ."

ಬಾಗಿಲು ಹಾಕಿಕೊಂಡಳು.

ಫೆಬ್ರವರಿ 17, ಶನಿವಾರ

ಅಂಗಳಕ್ಕೆ ಕರೆದರು. ಹೋಗಲಿಲ್ಲ. ಇಲ್ಲಿಗೇ ಕೇಳಿಸುತ್ತಿತ್ತು. ಕಿಟಕಿ ಮುಚ್ಚಿದೆ.

ಫೆಬ್ರವರಿ 20

ಡೋಲು ಹೊತ್ತುಕೊಂಡು ಹೋಗಿ ಅವನ ಕಿಟಕಿಯ ಕೆಳಗೆ ಕೂತೆ. ಹೊಡೆದೆ. ಕರುಣೆಯಿಲ್ಲದೆ. ನಡುವೆ ಅವನ ಹೆಜ್ಜೆಗೆ ಜಾಗ ಬಿಟ್ಟೆ — ಖಾಲಿ. ಮತ್ತೆ ಹೊಡೆದೆ, ಮತ್ತೆ ಬಿಟ್ಟೆ. ಖಾಲಿ.

ಪಕ್ಕದ ಮನೆಯವಳು ಇಣುಕಿದಳು. "ಒಬ್ನೇ ಬಡ್ಕೋತಿದ್ದೀಯಲ್ಲ ತಾತ, ತಲೆ ನೆಟ್ಟಗಿದೆಯಾ?"

"ಒಬ್ನೇ ಅಲ್ಲ. ಒಳಗೆ ಹೋಗು!" ಎಂದೆ. ಸುಳ್ಳು.

ಫೆಬ್ರವರಿ 22

ಬೆರಳು ಊದಿವೆ, ಪೆನ್ಸಿಲ್ ಹಿಡಿಯಲಾಗುತ್ತಿಲ್ಲ. ಇವತ್ತೂ ಹೊಡೆದೆ, ಜಾಗ ಬಿಟ್ಟೆ. ಒಳಗೆ ಮಂಚ ಕಿರ್ರೆಂದಿತು. ಆಮೇಲೆ ನೆಲಕ್ಕೆ ಒಂದು ಕಾಲು. ಎಳೆಯುವ ಕಾಲೇ. ತಡವಾಗಿ ಬಿತ್ತು.

"ತಾಳ ತಪ್ಪಿತೋ, ದಂಡಪಿಂಡ!" ಕೂಗಿದೆ.

"ಬೀಳ್ತಾನೆ ಕಣೋ, ನಿಲ್ಸು!" ಎಮೆಲಿನಾ ಅರಚಿದಳು.

ನಿಲ್ಲಿಸಲಿಲ್ಲ. ಇನ್ನೂ ಜೋರು ಮಾಡಿದೆ. ಬಾಗಿಲು ತೆರೆಯಲಿಲ್ಲ, ಪರವಾಗಿಲ್ಲ. ನಾಳೆ ಆ ಎಡಗಾಲನ್ನು ನಾನು ಎಡವಿಸದೆ ಬಿಡುವುದಿಲ್ಲ.