ರೆಕಾರ್ಡಿನ ಇನ್ನೊಂದು ಬದಿ

ನವುಲೆ, ಶಿವಮೊಗ್ಗ
ಭಾನುವಾರ

ಮಹಡಿ ಮನೆಯ ಪ್ರಣವನಿಗೆ, ಕೆಳಗಿನ ಬಾಡಿಗೆ ಮನೆಯ ಹಾಲಮ್ಮನ ಆಶೀರ್ವಾದ.

ಗಲಾಟೆಯ ದೂರು ಅಂದುಕೊಳ್ಳಬೇಡಪ್ಪ. ಮೇಲೆ ಬಂದು ಹೇಳೋಣವೆಂದರೆ ನಮ್ಮ ಯಜಮಾನರೂ ಹಿಂದೆಯೇ ಬರುತ್ತಾರೆ, ಅದಕ್ಕೇ ಬರೆದೆ.

ನೀನು ಸಂಜೆ ಹಾಕುವ ಹಳೇ ಹಾಡುಗಳ ರೆಕಾರ್ಡು ಭದ್ರಾವತಿಯಲ್ಲಿ ನಮ್ಮ ಹತ್ತಿರವೂ ಇತ್ತು. ನ್ಯೂ ಟೌನ್ ಕ್ವಾರ್ಟರ್ಸ್ ಬಿಡುವಾಗ ಪ್ಲೇಯರಿನ ಸಮೇತ ಯಾರಿಗೋ ಕೊಟ್ಟುಬಿಟ್ಟೆವು. ಅಲ್ಲಿ ಒಂದು ಬದಿ ಮುಗಿದೊಡನೆ ಎದ್ದು ರೆಕಾರ್ಡು ತಿರುಗಿಸುವುದು ಇವರದ್ದೇ ಕೆಲಸ. ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ.

ಇವರ ಮರೆವು ನಿನಗೆ ಗೊತ್ತೇ ಇದೆ. ನನ್ನ ಹೆಸರು ನೆನಪಾಗದೆ ತಿಂಗಳುಗಳಾದವು. ಆದರೆ ನಿನ್ನ ರೆಕಾರ್ಡಿನ ಮೊದಲ ಬದಿ ಮುಗಿದ ಕೂಡಲೇ, "ತಡಿ, ತಿರುಗಿಸಿ ಬರ್ತೀನಿ" ಎಂದು ಏಳುತ್ತಾರೆ. ಇಲ್ಲದ ಪ್ಲೇಯರನ್ನು ಕತ್ತಲಾಗುವವರೆಗೂ ಹುಡುಕುತ್ತಾರೆ. ನೀನು ಅಷ್ಟಕ್ಕೇ ನಿಲ್ಲಿಸಿಬಿಡುತ್ತೀಯ.

ಯಾಕೆಂದು ಕೇಳಿದ್ದಕ್ಕೆ, "ಲಿಮಿಟೆಡ್ ಎಡಿಷನ್ ಆಂಟಿ, ಮತ್ತೆ ಪ್ರಿಂಟ್ ಮಾಡಲ್ಲ, ಸುಮ್ನೆ ಸವೆಯುತ್ತೆ" ಅಂದೆ. ಸವೆದರೆ ಸವೆಯಲಿ ಮಾರಾಯ! ಹಾಡು ಮತ್ತೆ ಕೇಳಲಿ ಅಂತ ತಾನೇ ಕಂಪನಿಯವರು ಹೊಸದಾಗಿ ಪ್ರಿಂಟ್ ಮಾಡಿದ್ದು? ದಿನಾ ಬೇಡ, ಮೊದಲ ಬದಿ ಹಾಕಿದ ದಿನ ಎರಡನೆಯದನ್ನೂ ಹಾಕು.

ಮೊನ್ನೆ ನಿನ್ನ ಗೆಳೆಯರು ಬಂದಾಗ ಎರಡನೆಯ ಬದಿಯನ್ನೂ ಹಾಕಿದ್ದೆಯಲ್ಲ, ಆಗ ಇವರು ಅಡುಗೆಮನೆಯಲ್ಲಿ ಹುಡುಕುತ್ತಿದ್ದರು. ಹಾಡು ಶುರುವಾಯಿತು. ನಿಧಾನಕ್ಕೆ ಹೊರಗೆ ಬಂದು, ಕುರ್ಚಿಯಲ್ಲಿ ಆರಾಮಾಗಿ ಕೂತು, "ತಿರುಗಿಸ್ದೆ ನೋಡು, ಹಾಲಮ್ಮ" ಎಂದರು.

ಇತಿ,
ಹಾಲಮ್ಮ