ಹೂವಿಗೆ ಸೀನುವ ಡ್ರೂಯಿಡ್

ಅಕ್ಕಾ,

ಈ ಪತ್ರ ನಿನ್ನನ್ನು ತಲುಪದು. ಆದರೂ ಹೇಳದೆ ಇರಲಾರೆ. ದಾಳ ಉರುಳಿಸಿ ಕತೆ ಕಟ್ಟುವ ನಮ್ಮ ಆಟದಲ್ಲಿ ನನ್ನ ಪಾತ್ರ ಒಬ್ಬ ಡ್ರೂಯಿಡ್. ಕಾಡಿನ ಮಾಂತ್ರಿಕಳೇನೋ ಹೌದು, ಆದರೆ ಹೂವಿನ ಗಾಳಿ ಸೋಕಿದರೆ ಸಾಕು, ನಿನ್ನಂತೆಯೇ ಸೀನುತ್ತಾಳೆ.

"ಮೀನಿಗೆ ನೀರು ಆಗಲ್ಲ ಅಂದಂಗಾಯ್ತು!" ಎಂದು ಗೆಳೆಯರು ಬಿದ್ದು ಬಿದ್ದು ನಕ್ಕಿದ್ದರು.

ಇವತ್ತು ಕತೆಯೊಳಗಿನ ಮಾಯದ ತೋಟದಲ್ಲಿ, ಹೂಗಳ ಕಂಪಿಗೆ ಅವರ ವೀರರೆಲ್ಲ ನಿದ್ದೆಹೋದರು. ನನ್ನವಳು ಮಾತ್ರ ಸೀನಿ ಸೀನಿ ಎಚ್ಚರವಾಗಿದ್ದು, ಮಂತ್ರದಿಂದ ಕರಡಿಯ ರೂಪ ತಾಳಿ ಅವರನ್ನೆಲ್ಲ ಹೊರಗೆಳೆದಳು. ಪ್ರತಿ ಸೀನನ್ನೂ ಸೂರು ಹಾರುವ ಹಾಗೆ ನಾನೇ ಸೀನಿ ತೋರಿಸಿದೆ.

ಆಟ ನಡೆಸುವವನು ಎದ್ದೇ ನಿಂತ. "ಯಾರ್ ಕಲಿಸಿದ್ರು ನಿಂಗೆ?"

"ನಮ್ಮಕ್ಕ," ಎಂದೆ, ಎದೆಯುಬ್ಬಿಸಿ.

ನಿನ್ನನ್ನು ಕೊನೆಯ ಸಲ ಕಳಿಸಿಕೊಟ್ಟ ದಿನ ಮೈತುಂಬ ಹೂ ಹೊದಿಸಿದ್ದರು. ಇನ್ನೇನು ಸೀನುತ್ತೀಯ ಎಂದು ನಾನು ಕರವಸ್ತ್ರ ಹಿಡಿದು ಪಕ್ಕದಲ್ಲೇ ನಿಂತಿದ್ದೆ.